ಅಂಬಮ್ಮ ಮಾತಿಗೆ ಬಿದ್ದ ವರ್ಷ

ರಾಮನಗರ ಕಡೆಯ ಕೈಲಾಂಚದಿಂದ ಒಳಕ್ಕೆ ಎರಡು ಮೈಲಿ ನಡೆದರೆ ಸಿಗೋ ಊರು ಅದು. ಅಲ್ಲಿ ಅಂಬಮ್ಮನ ಹುಳುಮನೆ ಅಂದರೆ ಎಂಥ ಬಾಯಿಬಡುಕರೂ ಬಾಯಿ ಮುಚ್ಚಿಕೊಳ್ಳೋರು. ಆ ಬಾಗಿಲಲ್ಲಿ ಕೆಮ್ಮು ಬಂದರೆ ಟವೆಲ್ಲು ಬಾಯಿಗೆ ತುರುಕಿಕೊಂಡು ಹಿತ್ತಲಿಗೆ ಓಡಬೇಕಿತ್ತು. ಒಳಗೆ ಹೋಗೋ ಮುಂಚೆ ಸುಣ್ಣದ ನೀರಲ್ಲಿ ಕಾಲು ತೊಳೀಬೇಕು, ಒಗ್ಗರಣೆ ವಾಸನೆ ಮೈಮೇಲೆ ಇರಬಾರದು, ಬೀಡಿ ಸೇದಿ ಬಂದವನಿಗೆ ಆವತ್ತು ಪ್ರವೇಶವೇ ಇಲ್ಲ. ಇವೆಲ್ಲ ರೇಷ್ಮೆ ಹುಳ ಸಾಕೋ ಎಲ್ಲರ ಮನೆಯಲ್ಲೂ ಇರೋ ಕಟ್ಟಳೆಗಳೇ ಅನ್ನಿ. ಆದರೆ ಒಳಗೆ ಮಾತೇ ಆಡಬಾರದು ಅನ್ನೋದು ಆ ಮನೆಯವರದೇ ಸ್ವಂತ ಕಾನೂನು. ಹುಳ ಬೆಚ್ಚಿಬಿದ್ದರೆ ಗೂಡು ತೆಳ್ಳಗೆ ಕಟ್ಟುತ್ತವೆ ಅಂತ ಅಂಬಮ್ಮನ ಅತ್ತೆ ದಾಸಮ್ಮ ನಂಬಿದ್ದಳು. ಅತ್ತೆ ಸತ್ತ ಮೇಲೆ ಸೊಸೆ ಆ ನಂಬಿಕೆಯನ್ನ ಇನ್ನೂ ಬಿಗಿ ಮಾಡಿದಳು.

ಒಂದು ಸಲ ರೇಷ್ಮೆ ಇಲಾಖೆಯ ಇನ್ಸ್‌ಪೆಕ್ಟರು ಬಂದವರು, "ಹುಳಕ್ಕೆ ಕಿವೀನೇ ಇಲ್ಲಮ್ಮ, ನೀವು ಧಾರಾಳವಾಗಿ ಮಾತಾಡಬಹುದು" ಅಂದರಂತೆ. ಅಂಬಮ್ಮ ಪಿಸುದನಿಯಲ್ಲೇ ಹೇಳಿದಳಂತೆ: "ಹುಳಕ್ಕಿಲ್ದೆ ಇದ್ರೆ ಬುಡಿ ಸ್ವಾಮಿ, ನಿಮಗೈತಲ್ಲ. ಕೇಳುಸ್ಕೊಂಡು ಸುಮ್ಕಿರಿ."

ಅವಳ ಗಂಡ ಗಂಗಯ್ಯ ಇದಕ್ಕೆ ತದ್ವಿರುದ್ಧ. ಅವನದು ಕುರಿ ಕಾಯ್ದ ಗಂಟಲು. ಈ ಬೆಟ್ಟದ ಬಂಡೆ ಮೇಲೆ ನಿಂತು ಕೂಗಿದರೆ ಆ ಬೆಟ್ಟದ ಬುಡದಲ್ಲಿ ಮೇಯೋ ಕುರಿ ತಲೆ ಎತ್ತಬೇಕು, ಅಂಥದ್ದು. ಗುಟ್ಟು ಹೇಳಿದರೂ ಮೂರು ಬೀದಿಗೆ ಕೇಳಿಸೋದು. ಹುಳ ಮನೇಲಿರೋ ದಿನಗಳಲ್ಲಿ ಪಾಪ, ಅವನು ಜಗಲಿ ದಾಟಿ ಒಳಗೆ ಬರೋ ಹಾಗಿರಲಿಲ್ಲ. ಇನ್ನೊಂದು ಮುದ್ದೆ ಬೇಕಾದರೆ ಕೇಳೋ ಹಾಗಿಲ್ಲ, ತಟ್ಟೆ ಎತ್ತಿ ತೋರಿಸಬೇಕು. ವರ್ಷಕ್ಕೆ ಐದಾರು ಬೆಳೆ ತೆಗೆಯೋ ಮನೆಯಲ್ಲಿ ಗಂಡ ಹೆಂಡತಿ ಬಾಯ್ತುಂಬ ಮಾತಾಡಿದ ದಿನ ಎಷ್ಟಿದ್ದಾವು, ನೀವೇ ಲೆಕ್ಕ ಹಾಕಿ.

ಅವರ ಮೊಮ್ಮಗಳು ಸಿಂಚನ ಹುಟ್ಟಿದ್ದು ಇಂಥ ಮನೆಯಲ್ಲಿ. ಹಳದಿ ಗೂಡಿನ ಕಾಲ ಹಿಂದೆ ಸರಿದು, ಬಿಳಿ ಗೂಡು ಬಂದು, ರೇಟು ಮತ್ತೆ ಏರುತ್ತಿದ್ದ ವರ್ಷಗಳು ಅವು. ಮಗ ಪುಟ್ಟಲಿಂಗನಿಗೆ ಬಿಡದಿಯ ಫ್ಯಾಕ್ಟರಿಯಲ್ಲಿ ಶಿಫ್ಟು, ಸೊಸೆ ನಾಗವೇಣಿಗೆ ರಾಮನಗರದ ಗಾರ್ಮೆಂಟ್ಸು. ಬೆಳಿಗ್ಗೆ ಇಬ್ಬರೂ ಬಸ್ಸು ಹತ್ತಿದರೆ ಕೂಸು ಅಜ್ಜಿಯ ಪಾಲು, ಅಜ್ಜಿ ಹುಳದ ಪಾಲು. ಹಾಗಾಗಿ ಕೂಸು ಹುಳುಮನೆಯಲ್ಲೇ, ಕಬ್ಬಿಣದ ಸ್ಟ್ಯಾಂಡಿನ ಬುಡದಲ್ಲಿ ಹಾಸಿದ ಕಂಬಳಿ ಮೇಲೆ ಬೆಳೆಯಿತು.

ಎಂಥ ತಣ್ಣನೆ ಕೂಸು ಅದು! ಬಾಗಿಲು ದಡಾರ್ ಅಂದರೂ ಬೆಚ್ಚದು, ನಾಯಿ ಬೊಗಳಿದರೂ ಏಳದು. ಹೊಟ್ಟೆ ಹಸಿದರೆ ಮಾತ್ರ ಒಂಚೂರು ರಾಗ. ಅಂಬಮ್ಮನಿಗೆ ಹೆಮ್ಮೆಯೋ ಹೆಮ್ಮೆ. "ಬೇರೇರ ಮಕ್ಳು ಊರೇ ಎದ್ದೋಗಂಗೆ ಕಿರುಚ್ತವೆ. ನಮ್ಮುದು ನೋಡು, ಹುಳುಮನೇಗೆ ಅಂತ್ಲೇ ಹುಟ್ಟೈತೆ" ಅಂತ ಪಕ್ಕದ ಮನೆ ಚಿನ್ನಮ್ಮನಿಗೆ ಹೇಳಿ ಹೇಳಿ ಹೊಟ್ಟೆ ಉರಿಸೋಳು.

ಒಂದೂವರೆ ವರ್ಷ ಆದಾಗ ನಾಗವೇಣಿಗೆ ಅನುಮಾನ ಬಂತು. "ಅತ್ತೆ, ಎಷ್ಟು ಕರುದ್ರೂ ತಿರುಗಲ್ವಲ್ಲ ಇದು" ಅಂದಳು. ಅಂಬಮ್ಮ ಸೊಪ್ಪು ಕೊಯ್ಯೋ ಕುಡುಗೋಲಿನ ಹಿಂಬದಿಯಿಂದ ಸ್ಟ್ಯಾಂಡಿಗೆ ಠಣ್ ಅಂತ ಬಾರಿಸಿದಳು. ಜನ್ಮದಲ್ಲೇ ಮೊದಲ ಸಲ ಹುಳುಮನೆಯಲ್ಲಿ ಸದ್ದು ಮಾಡಿದ್ದು ಅವಳು. ಕೂಸು ಬೆನ್ನು ಕೊಟ್ಟು ಕೂತಿದ್ದದ್ದು ಅದೇ ಸ್ಟ್ಯಾಂಡಿಗೆ. ಕಬ್ಬಿಣ ಅದುರಿದ್ದು ಬೆನ್ನಿಗೆ ತಾಗಿ ಚಕ್ಕನೆ ತಿರುಗಿತು. "ನೋಡ್ದಾ? ಚೆನ್ನಾಗೇ ಕೇಳುಸ್ತದೆ. ಮೊಂಡು ಅಷ್ಟೇಯ, ನಿಮ್ಮಪ್ಪನ ಕಡೇದು." ಅಷ್ಟಕ್ಕೇ ಬಿಡಲಿಲ್ಲ, ಗಂಗಯ್ಯನನ್ನೂ ಕರೆಸಿದಳು. ಅವನು ಹಿತ್ತಲಲ್ಲಿ ಕೂಸಿನ ಬೆನ್ನ ಹಿಂದೆ ನಿಂತು ಕುರಿ ಕರೆಯೋ ಹಾಗೆ ಒಂದು ಕೂಗು ಹಾಕಿದ. ಮುಂದೆ ಕೆದಕುತ್ತಿದ್ದ ಕೋಳಿಗಳೆಲ್ಲ ದಿಗಿಲುಬಿದ್ದು ಹಾರಿದವು. ಕೋಳಿ ಹಾರಿದ ಕಡೆಗೆ ಕೂಸೂ ತಿರುಗಿತು. ಎರಡು ಪರೀಕ್ಷೆಯೂ ಪಾಸು! ನಾಗವೇಣಿ ಬಾಯಿ ಮುಚ್ಚಿಕೊಂಡಳು, ಇನ್ನೊಂದು ವರ್ಷ ಹಾಗೇ ಕಳೆದುಹೋಯಿತು.

ಸುಳ್ಳು ಬಯಲಾಗಿದ್ದು ರಾಮನಗರದ ಗೂಡಿನ ಮಾರುಕಟ್ಟೆ ಗೇಟಿನ ಮುಂದೆ. ಆವತ್ತು ಲಾಟು ಹರಾಜಾಗಿತ್ತು. ಅಂಬಮ್ಮ ಕೂಸನ್ನು ಸೊಂಟದ ಮೇಲೆ ಕೂರಿಸಿಕೊಂಡು, ಗೂಡು ಕೊಂಡ, ನೂಲು ತೆಗೆಯೋ ರೀಲರ್ ಸಮದ್ ಜೊತೆ ನಿಂತಿದ್ದಳು. ಸಮದ್ ಅವಳ ಗೂಡನ್ನ ಹದಿನೈದು ವರ್ಷದಿಂದ ಬಲ್ಲ ಮನುಷ್ಯ. ಅಷ್ಟರಲ್ಲಿ ಪಕ್ಕದಲ್ಲೇ ನಿಂತಿದ್ದ ಟೆಂಪೋದ ಟೈರು ಢಮ್ ಅಂತ ಒಡೀತು. ಅಲ್ಲಿದ್ದವರೆಲ್ಲ ಕಿವಿ ಮುಚ್ಚಿಕೊಂಡರು, ಒಬ್ಬನಂತೂ ಟೀ ಲೋಟ ಕೈಬಿಟ್ಟ. ಸಿಂಚನ ಮಾತ್ರ ಬನ್ನು ಚೀಪುತ್ತಾ ಹಾಗೇ ಕೂತಿತ್ತು. ರೆಪ್ಪೆ ಕೂಡ ಅಲುಗಲಿಲ್ಲ.

"ಅರೆ, ಬಚ್ಚೀಗೆ ಭಯಾನೇ ಇಲ್ವಲ್ಲಮ್ಮಾ, ಶಹಬ್ಬಾಸ್!" ಅಂದ ಸಮದ್. ಅವನು ಹೊಗಳಿದ್ದೇ. ಆದರೆ ಅಂಬಮ್ಮ ಕೂಸಿನ ಮುಖ ನೋಡಿದಳು, ಹೊಗೆ ಆಡುತ್ತಿದ್ದ ಟೈರು ನೋಡಿದಳು, ಮತ್ತೆ ಕೂಸಿನ ಮುಖ ನೋಡಿದಳು. ಎರಡೂವರೆ ವರ್ಷ ತಾನು ಹೊಗಳಿದ್ದು ಏನನ್ನ ಅಂತ ಅವಳಿಗೆ ಅಲ್ಲೇ, ಆ ಗೇಟಿನಲ್ಲೇ ಅರ್ಥವಾಯಿತು.

ಆಮೇಲೆ ಆಸ್ಪತ್ರೆ ಅಲೆದಾಟ. ಬೆಂಗಳೂರಿನ ಡಾಕ್ಟರು ತಲೆಗೆ ವೈರು ಅಂಟಿಸಿ, ಮಲಗಿಸಿ, ಪರೀಕ್ಷೆ ಮಾಡಿ ಹೇಳಿದರು: ಎರಡೂ ಕಿವಿ ಹುಟ್ಟಿನಿಂದಲೇ ಕೇಳಿಸೋದಿಲ್ಲ. ಮಾಮೂಲಿ ಕಿವಿ ಮಿಷನ್ನು ಆರು ತಿಂಗಳು ಹಾಕಿ ನೋಡಿದ್ದಾಯಿತು, ಉಪಯೋಗಕ್ಕೆ ಬರಲಿಲ್ಲ. ಉಳಿದಿದ್ದು ಕಾಕ್ಲಿಯರ್ ಇಂಪ್ಲಾಂಟು. ತಲೆಯೊಳಗೆ ಆಪರೇಷನ್ ಮಾಡಿ ಒಂದು ಭಾಗ ಇಡುತ್ತಾರೆ. ಹೊರಗಿನ ಭಾಗ ಕಿವಿ ಮೇಲೆ ಕೂರುತ್ತೆ, ಅದರ ವೈರಿನ ತುದಿಯಲ್ಲಿರೋ ರೂಪಾಯಿಯಗಲದ ಬಿಲ್ಲೆ ಅಯಸ್ಕಾಂತದ ಬಲದಿಂದ ತಲೆಗೆ ಅಂಟಿಕೊಳ್ಳುತ್ತೆ. ಸರ್ಕಾರದ ಯೋಜನೆಯಲ್ಲಿ ಆಗುತ್ತೆ, ಆದರೆ ಐದು ವರ್ಷದೊಳಗೇ ಆಗಬೇಕು. ಬೇಗ ಆದಷ್ಟೂ ಒಳ್ಳೇದು, ತಡವಾದಷ್ಟೂ ಮಾತು ದೂರ ಅಂದರು.

ಬೇಗ ಅನ್ನೋ ಮಾತು ಅಂಬಮ್ಮನಿಗೆ ಚೂರಿ ಹಾಕಿದ ಹಾಗಾಯಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು ಅಂತ ಇದಕ್ಕೇ ಹೇಳೋದು. ಯಾರೂ ಅವಳನ್ನ ಒಂದು ಮಾತು ಅನ್ನಲಿಲ್ಲ. ನಾಗವೇಣಿ ಕೂಡ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು ಅಂತ ಅಂಬಮ್ಮ ಎಷ್ಟೋ ಸಲ ಅಂದುಕೊಂಡದ್ದುಂಟು.

ಸಿಂಚನಳಿಗೆ ನಾಲ್ಕು ವರ್ಷ ತುಂಬೋ ಹೊತ್ತಿಗೆ ಆಪರೇಷನ್ ಆಯಿತು. ಗಾಯ ಮಾಗಿದ ಮೇಲೆ ಹೊರಗಿನ ಮಿಷನ್ನು ಹಾಕಿ ಸ್ವಿಚ್ಚು ಒತ್ತಿದರು. ಎಲ್ಲರೂ ಕೂಸಿನ ಮುಖವನ್ನೇ ನೋಡುತ್ತಿದ್ದರು. ಕೂಸು ಕಿಟಾರನೆ ಕಿರುಚಿ, ಬಿಲ್ಲೆ ಕಿತ್ತು ನೆಲಕ್ಕೆ ಬಿಸಾಡಿತು. ಅದೇ ಕೊನೆ ಆಗಿದ್ದರೆ ಪರವಾಗಿರಲಿಲ್ಲ. ದಿನಕ್ಕೆ ಹತ್ತು ಸಲ ಹಾಕೋದು, ಹನ್ನೊಂದು ಸಲ ಅದು ಕೀಳೋದು.

ವಾರಕ್ಕೆ ಎರಡು ದಿನ ರಾಮನಗರದಲ್ಲಿ ಥೆರಪಿ. ಅಲ್ಲಿನ ಟೀಚರು ವಜೀರಾ ಮೇಡಂ, ಸಣ್ಣ ಆಳು, ಕಟ್ಟುನಿಟ್ಟು ದೊಡ್ಡದು. ಮೊದಲ ದಿನವೇ ಕೇಳಿದರು, "ಮನೇಲಿ ಹಗಲೆಲ್ಲ ಮಗು ಜೊತೆ ಇರೋದು ಯಾರು?"

"ನಾನೇಯ" ಅಂದಳು ಅಂಬಮ್ಮ.

"ಹಾಗಾದ್ರೆ ಅಜ್ಜಿ, ನೀವೇ ಇವಳ ಮೇಷ್ಟ್ರು. ಮಗು ಎದ್ದಿರೋವಷ್ಟು ಹೊತ್ತೂ ಮಿಷನ್ ತಲೇಲಿರಬೇಕು, ನಿಮ್ಮ ಬಾಯಿ ಆಡ್ತಾ ಇರಬೇಕು."

"ಏನಂತ ಆಡ್ಲಿ ಮೇಡಮ್ಮಾರೆ? ನಂಗೆ ಮಾತೇ ಬರಾಕಿಲ್ಲ."

"ಮಾಡೋ ಕೆಲಸಾನೇ ಹೇಳಿ. ಸೊಪ್ಪು ಕೊಯ್ದರೆ ಸೊಪ್ಪು ಅನ್ನಿ. ನೀರು ಸೇದಿದರೆ ನೀರು ಅನ್ನಿ. ಅವಳು ಇಷ್ಟು ವರ್ಷ ಕೇಳದೆ ಹೋದ ಮಾತೆಲ್ಲ ನೀವು ತುಂಬಬೇಕು."

ಮಾತು ಬೆಳ್ಳಿ, ಮೌನ ಬಂಗಾರ ಅಂತ ಬದುಕಿದ ಹೆಂಗಸಿಗೆ ಬಂಗಾರ ಬಿಸಾಕಿ ಬೆಳ್ಳಿ ಹಿಡಿ ಅಂದಂಗಾಯಿತು. ಮೊದಲ ವಾರ ಅಂಬಮ್ಮನ ಪಾಡು ನಾಯಿಗೂ ಬೇಡ. ಹಿಪ್ಪುನೇರಳೆ ತೋಟದಲ್ಲಿ ಸುತ್ತ ನೋಡಿ, ಯಾರೂ ಇಲ್ಲ ಅಂತ ಖಾತ್ರಿ ಮಾಡಿಕೊಂಡು, "ಇದು ಸೊಪ್ಪು" ಅನ್ನೋಳು. ಅಷ್ಟಕ್ಕೇ ಮುಗೀತು. ಇನ್ನೇನು ಹೇಳೋದು? "ಹಸ್ರು ಸೊಪ್ಪು." ಮತ್ತೆ? "ಹುಳ ಸೊಪ್ಪು ತಿಂತದೆ." ಮಧ್ಯಾಹ್ನದೊಳಗೆ ಗಂಟಲು ಒಣಗಿ, ನಾಚಿಕೆಯೂ ಆಗಿ, ಸುಮ್ಮನಾಗಿಬಿಡೋಳು. ಚಿನ್ನಮ್ಮ ಬೇಲಿ ಮೇಲಿಂದ ಇಣುಕಿ, "ಕಿವುಡ್ರ ಮುಂದೆ ಶಂಖ ಊದ್ದಂಗಾಯ್ತಲ್ಲ ಅಂಬಮ್ಮ ನಿಂದು" ಅಂತ ನಕ್ಕಳು.

ಅಂಬಮ್ಮನಿಗೆ ಸಿಟ್ಟು ನೆತ್ತಿಗೇರಿತು. "ಊದೋಳು ನಾನು, ಬಾಯಿ ನಂದು. ನಿಮ್ಮಪ್ಪನ ಮನೆ ಗಂಟೇನಾದ್ರೂ ಹೋಯ್ತದಾ? ಹೋಗಮ್ಮಿ, ನಿನ್ ಕ್ಯಾಮೆ ನೋಡ್ಕೊ!" ಅಂತ ಬೀದಿಗೆಲ್ಲ ಕೇಳೋ ಹಾಗೆ ಬೈದಳು. ಆ ದನಿ ತನ್ನದೇನಾ ಅಂತ ಅವಳಿಗೇ ಆಶ್ಚರ್ಯ. ಆವತ್ತಿನಿಂದ ಗಂಟಲಿನ ಬಿರಡೆ ಬಿಚ್ಚಿಕೊಂಡಿತು ನೋಡಿ.

ಸೊಪ್ಪು, ನೀರು, ಮುದ್ದೆ ಎಲ್ಲ ಹೇಳಿ ಮುಗಿದ ಮೇಲೆ ಅಂಬಮ್ಮ ಹಳೇ ದಿನಗಳಿಗೆ ಕೈ ಹಾಕಿದಳು. ಇನ್ನೇನೂ ಉಳಿದಿರಲಿಲ್ಲವಲ್ಲ ಹೇಳೋದಕ್ಕೆ! ಹುಳಕ್ಕೆ ಸೊಪ್ಪು ಹಾಕುತ್ತಾ, ಪಕ್ಕದಲ್ಲಿ ಕೂತ ಕೂಸಿಗೆ ಹೇಳೋಳು. ತಾನು ಹದಿನೇಳನೇ ವಯಸ್ಸಲ್ಲಿ ಮಾಗಡಿ ಕಡೆಯಿಂದ ಮದುವೆಯಾಗಿ ಬಂದು ರಾಮನಗರದಲ್ಲಿ ಬಸ್ಸಿಳಿದದ್ದು. ಬೀದಿ ಬೀದಿಯಲ್ಲೂ ಗೂಡು ಬೇಯಿಸೋ ವಾಸನೆ ಗಪ್ಪಂತ ಹೊಡೆದದ್ದು, ಸೆರಗಲ್ಲಿ ಮೂಗು ಮುಚ್ಚಿದರೆ ದಾಸಮ್ಮ ಕೈ ಎಳೆದು, "ಮೂಗು ಮುಚ್ಬೇಡ ಕಣೆ, ನಮ್ಮ ಅನ್ನದ ವಾಸ್ನೆ ಅದು" ಅಂದದ್ದು.

"ಆಗ ಕಾಲ ಹೆಂಗಿತ್ತು ಅಂತೀಯ ಕೂಸೇ," ಅನ್ನೋಳು. "ಹೆಣ್ಣು ಕೊಡೋರು ಎಷ್ಟು ಎಕ್ರೆ ಐತೆ ಅಂತ ಕೇಳ್ತಿರ್ಲಿಲ್ಲ. ಎಷ್ಟು ಮೊಟ್ಟೆ ಹುಳ ಮೇಯುಸ್ತೀರಿ ಅಂತ ಕೇಳೋರು! ಬಸ್ನಲ್ಲಿ ಗೂಡಿನ ಮೂಟೆ ಸೀಟ್ ಮ್ಯಾಲೆ ಕುಂತ್ಕೊಂಡ್ರೆ ಜನ ನಿಂತ್ಕೊಂಡು ಬರೋರು. ಗೂಡು ಮಾರಿದ ದಿನ ನಿಮ್ಮ ತಾತ ಮೈಸೂರ್ ಪಾಕಿನ ಪೊಟ್ಣ ಹಿಡ್ಕೊಂಡು, ಊರ ಮುಂದ್ಲಿಂದ್ಲೇ ಕೂಕ್ಕೊಂಡು ಬರೋನು. ನಿಮ್ಮ ಮುತ್ತಜ್ಜಿ ಬಾಯಿ ಮೇಲೆ ಬೆರಳಿಟ್ಕೊಂಡು ಬಾಗಿಲಲ್ಲಿ ನಿಂತಿರೋಳು. ಆವಯ್ಯ ಹಂಗೇ ಮೆತ್ತಗಾಗ್ಬುಡೋನು."

ಮಾತಾಡುತ್ತಾ ಅವಳ ಮುಖ ಅರಳೋದು. ಆ ವಾಸನೆ, ಆ ನೂಕುನುಗ್ಗಲು, ತಟ್ಟೆ ತುಂಬ ಹಳದಿ ಗೂಡು ಬಿದ್ದಿರೋ ಬೆಳಗು, ಎಲ್ಲ ಕಣ್ಣ ಮುಂದೆ ಬಂದು ನಿಲ್ಲೋವು. ಇಷ್ಟೆಲ್ಲ ತನ್ನ ಒಳಗಿತ್ತು ಅಂತ ಅವಳಿಗೇ ಗೊತ್ತಿರಲಿಲ್ಲ. ಹುಳ ಬೆಚ್ಚಲೂ ಇಲ್ಲ, ಗೂಡು ತೆಳ್ಳಗಾಗಲೂ ಇಲ್ಲ ಅನ್ನೋದು ಬೇರೆ ಅವಳ ಹೊಟ್ಟೆಗೆ ಬೆಂಕಿ ಇಟ್ಟಿತು. ಹಾಗಾದರೆ ಮೂವತ್ತೈದು ವರ್ಷ ಬಾಯಿಗೆ ಹೊಲಿಗೆ ಹಾಕ್ಕೊಂಡಿದ್ದು ಯಾವ ಪುರುಷಾರ್ಥಕ್ಕೆ?

ಜಗಲಿ ಮೇಲೆ ಕೂತ ಗಂಗಯ್ಯನಿಗೆ ಇದೆಲ್ಲ ಕಿಟಕಿಯಿಂದ ಕೇಳಿಸೋದು. ಮೊದಮೊದಲು ನಗುತ್ತಿದ್ದ. ಒಂದು ದಿನ ನಗು ನಿಂತಿತು. ಆವತ್ತು ಅಂಬಮ್ಮ ಹೇಳುತ್ತಿದ್ದದ್ದು ಪುಟ್ಟಲಿಂಗನಿಗಿಂತ ಮುಂಚೆ ಹುಟ್ಟಿ ಒಂಬತ್ತು ದಿನ ಬದುಕಿದ್ದ ಹೆಣ್ಣು ಕೂಸಿನ ವಿಷಯ.

"ನಿನ್ನಂಗೇ ದುಂಡು ಮೊಕ ಕಣವ್ವ ಅದ್ಕೆ. ಬೆಳಿಗ್ಗೆ ನೋಡ್ತೀನಿ, ತಣ್ಣಗಾಗ್ಬುಟ್ಟೈತೆ. ಬಾಯಿ ಬುಟ್ಟು ಅಳಾನ ಅಂದ್ರೆ ನಮ್ಮತ್ತೆ ಬಂದು ಬಾಯಿ ಮುಚ್ಬುಟ್ಲು. ಅಳ್ಬೇಡ, ಹುಳ ನಾಕ್ನೇ ಜ್ವರಕ್ಕೆ ಕುಂತವೆ ಅಂದ್ಲು. ಹುಳ ಪೊರೆ ಬುಟ್ಟು ಏಳೋಗಂಟ ನಾನು ಅಳಂಗಿರ್ಲಿಲ್ಲ. ಅವು ಎದ್ದಾಗ ಸೊಪ್ಪಿನ ಕ್ಯಾಮೆ ಬಿತ್ತು. ಆಮ್ಯಾಕೆ ಅಳಾಕೇ ಬರ್ಲಿಲ್ಲ."

ಗಂಗಯ್ಯ ಎದ್ದು ಬಂದು ಬಾಗಿಲಲ್ಲಿ ನಿಂತ. ಕಾಲು ತೊಳೆದಿರಲಿಲ್ಲ, ಹೆಂಡತಿ ಬೈಯಲೂ ಇಲ್ಲ. "ನೀನು ಕಲ್ಲು ಅನ್ಕೊಂಡಿದ್ದೆ ಕಣಮ್ಮಿ," ಅಂದ, ಅವನ ಗಂಟಲಿಗೆ ಎಷ್ಟು ಸಣ್ಣಗೆ ಸಾಧ್ಯವೋ ಅಷ್ಟು ಸಣ್ಣಗೆ. "ಆ ಕೂಸಿನ ಹೆಸ್ರೂ ನಿನ್ ಬಾಯಲ್ಲಿ ಬರ್ಲಿಲ್ವಲ್ಲ ಅಂತ... ನಾನು ಬೆಟ್ಟಕ್ಕೋಗಿ ಅತ್ತೆ."

"ನಂಗೆ ಹೇಳ್ಬಾರ್ದಿತ್ತಾ?" ಅಂದಳು ಅಂಬಮ್ಮ.

"ಎಲ್ಲಿ ಹೇಳ್ಲಿ? ಮನೇಲಿ ಹುಳ ಇದ್ವಲ್ಲ."

ಇಬ್ಬರೂ ಎಷ್ಟೋ ಹೊತ್ತು ಅಳುತ್ತಾ ನಿಂತಿದ್ದರು. ಇಬ್ಬರ ಮಧ್ಯೆ ಕೂತ ಸಿಂಚನ ಬಿಲ್ಲೆ ಕಿತ್ತು ಸೊಪ್ಪಿನ ಕುಕ್ಕೆಗೆ ಹಾಕಿ ಆಟ ಆಡುತ್ತಿತ್ತು.

ಅದೇ ಅಂಬಮ್ಮನ ದೊಡ್ಡ ಕೊರಗು. ತಾನು ಇಷ್ಟು ಮಾತು ಸುರಿದರೂ ಎಲ್ಲ ಗೋರ್ಕಲ್ಲ ಮೇಲೆ ಮಳೆ ಹುಯ್ದಂಗೆ. ಎಂಟು ತಿಂಗಳಾಯಿತು, ಕೂಸು ಕರೆದರೆ ತಿರುಗಲಿಲ್ಲ, ಮಿಷನ್ನು ಕೀಳೋದು ಬಿಡಲಿಲ್ಲ. ವಜೀರಾ ಮೇಡಂ ಕಂಪ್ಯೂಟರಿಗೆ ಹಾಕಿ ನೋಡಿ ಹೇಳಿದರು, "ಮಿಷನ್ ಸರಿಯಾಗಿದೆ ಅಜ್ಜಿ, ಸದ್ದು ಒಳಗೆ ಹೋಗ್ತಿದೆ. ಆದರೆ ಕೇಳೋದು ಬೇಕು ಅಂತ ಮಗುಗೇ ಅನ್ನಿಸ್ಬೇಕು. ಅದನ್ನ ನಾನೂ ಕೊಡಕ್ಕಾಗಲ್ಲ, ಡಾಕ್ಟರೂ ಕೊಡಕ್ಕಾಗಲ್ಲ. ಈಗ್ಲೇ ನಾಲ್ಕೂಮುಕ್ಕಾಲು ವರ್ಷ. ಹೀಗೇ ಕಿತ್ತು ಬಿಸಾಡ್ತಾ ಇದ್ರೆ ವಯಸ್ಸು ಮೀರಿಹೋಗುತ್ತೆ, ಆಮೇಲೆ ಮಾತು ಬರೋದು ಕಷ್ಟ." ಹೊರಡುವಾಗ ಇನ್ನೊಂದು ಮಾತು ಸೇರಿಸಿದರು, "ಮಿಷನ್ ಕಳೀಬೇಡಿ. ಇನ್ನೊಂದು ಸಿಗೋದಕ್ಕೆ ತಿಂಗಳುಗಟ್ಟಲೆ ಆಗುತ್ತೆ." ಬಸ್ಸಿನಲ್ಲಿ ಅಂಬಮ್ಮ ಕಿಟಕಿ ಕಡೆ ಮುಖ ಮಾಡಿ ಕೂತವಳು ಊರು ಬರೋವರೆಗೂ ತಿರುಗಲಿಲ್ಲ. ನನ್ನ ಕೂಸಿನ ಬಾಯಿ ನಾನೇ ಹೊಲಿದುಬಿಟ್ಟೆ ಅನ್ನೋದೊಂದೇ ಅವಳ ತಲೆಯಲ್ಲಿ.

ಕಳೀಬೇಡಿ ಅಂದದ್ದು ಶುಕ್ರವಾರ. ಕಳೆದದ್ದು ಸೋಮವಾರ.

ಹುಳ ಮಾರನೇ ದಿನ ಹಣ್ಣಾಗಬೇಕು, ಗೂಡು ಕಟ್ಟೋದಕ್ಕೆ ಚಂದ್ರಿಕೆಗೆ ಬಿಡಬೇಕು, ಅಂಥ ದಿನ. ಸೊಪ್ಪು ಹೊತ್ತು ತಂದು ಹಾಕೋ ಗಡಿಬಿಡಿಯಲ್ಲಿ ಅಂಬಮ್ಮ ಒಂದು ಗಳಿಗೆ ಕೂಸಿನ ಮೇಲೆ ಕಣ್ಣಿಡಲಿಲ್ಲ. ನೋಡಿದರೆ ಕಿವಿ ಬೋಳು! ಬಿಲ್ಲೆಯೂ ಇಲ್ಲ, ವೈರೂ ಇಲ್ಲ, ಕಿವಿ ಮೇಲಿನದೂ ಇಲ್ಲ. ಕಂಬಳಿ ಕೊಡವಿದಳು, ಕುಕ್ಕೆ ಬೋರಲು ಹಾಕಿದಳು, ಇಲ್ಲ. ಎಲ್ಲಿ ಅಂತ ಕೂಸಿನ ಮುಂದೆ ಕೈ ಆಡಿಸಿದರೆ ಅದು ಅವಳ ಮುಖದ ಗಾಬರಿ ನೋಡಿ ಅಳೋದಕ್ಕೆ ಶುರುಮಾಡಿತು.

ಉಳಿದದ್ದು ಹುಳದ ಹಾಸಿಗೆ. ಸೊಪ್ಪಿನ ರೆಂಬೆ, ಹಿಕ್ಕೆ, ಅದರ ಮೇಲೆ ಬೆರಳುದ್ದದ ಹುಳ, ಮೂರು ಸ್ಟ್ಯಾಂಡು, ಒಂದೊಂದಕ್ಕೆ ನಾಲ್ಕು ಅಂತಸ್ತು. ಆ ಹುಳಕ್ಕೆ ಯಾರೂ ಉಸಿರು ತಾಗಿಸಬಾರದು ಅಂತ ಜನ್ಮವೆಲ್ಲ ಕಾದವಳು ಈ ಅಂಬಮ್ಮ. ಒಂದು ಕ್ಷಣ ನಿಂತಳು, ಅಷ್ಟೆ. ಆಮೇಲೆ ಎರಡೂ ಕೈ ಹಾಕಿ ಮೇಲಿನ ಅಂತಸ್ತನ್ನ ರೆಂಬೆ ಸಮೇತ ಎಳೆದು ನೆಲಕ್ಕೆ ಕೆಡವಿದಳು.

"ಯೋವ್! ಬಾ ಬೇಗ! ಊರೋರ್ನೆಲ್ಲ ಕರಿ!"

ಹುಳುಮನೆ ಬಾಗಿಲಲ್ಲಿ ಗಂಗಯ್ಯನಿಗೆ ಕೂಗೋ ಅಪ್ಪಣೆ ಸಿಕ್ಕಿದ್ದು ಅದೇ ಮೊದಲು. ಕೂಗಿದ ನೋಡಿ! ಹೊಲದಲ್ಲಿದ್ದವರು ಮನೆಗೆ ಬೆಂಕಿ ಬಿತ್ತೇನೋ ಅಂತ ಓಡಿ ಬಂದರು. ಕಾಲು ತೊಳೆಯೋರಿಲ್ಲ, ಬೀಡಿ ವಾಸನೆ ನೋಡೋರಿಲ್ಲ. ಬಾಗಿಲ ಪರದೆ ಕಿತ್ತುಬಂತು, ಹುಳ ಕೊಲ್ಲೋ ಊಜಿ ನೊಣ ಒಳಗೆ ನುಗ್ಗಿದವು. ಹತ್ತು ಜನ ಹುಳದ ಹಾಸಿಗೆ ಕೆದರಿದರು, ಹಿಕ್ಕೆ ಜರಡಿ ಹಿಡಿದರು, ಬೆಳಿಗ್ಗೆ ಬಿಸಾಡಿದ ಕಸವನ್ನ ತಿಪ್ಪೆಗೆ ಹೋಗಿ ಬಗೆದರು. ಅಣಕಿಸಿದ್ದ ಚಿನ್ನಮ್ಮನೇ ತಿಪ್ಪೆಯಲ್ಲಿ ಮೊಣಕಾಲೂರಿ ಕೂತಿದ್ದಳು. ಕಾಲಡಿ ಹುಳ ಪಚಪಚ ಅನ್ನುತ್ತಿದ್ದವು. ಸಂಜೆವರೆಗೆ ಹುಡುಕಿದರೂ ಮಿಷನ್ನು ಸಿಗಲಿಲ್ಲ.

ಬದುಕಿದ ಹುಳವನ್ನ ಮಾರನೇ ದಿನ ಪುಟ್ಟಲಿಂಗ, ನಾಗವೇಣಿ ರಜೆ ಹಾಕಿ ಚಂದ್ರಿಕೆಗೆ ಬಿಟ್ಟರು. ಅರ್ಧದಷ್ಟೂ ಇರಲಿಲ್ಲ. ಅಂಬಮ್ಮ ಆ ಕಡೆ ತಲೆಯನ್ನೂ ಹಾಕಲಿಲ್ಲ. ಅಡುಗೆಮನೆ ಹೊಸ್ತಿಲ ಮೇಲೆ ಕೂತವಳು ಒಂದು ಮಾತೂ ಆಡಲಿಲ್ಲ. ಮಿಷನ್ನೇ ಇಲ್ಲದ ಮೇಲೆ ಯಾರಿಗೆ ಅಂತ ಆಡೋದು? ಮಂಗಳವಾರ ಪೂರ್ತಿ ಹಾಗೇ. ಸಿಂಚನ ಬಂದು ಬಂದು ಅಜ್ಜಿಯ ಗಲ್ಲ ಹಿಡಿದು ಅಲ್ಲಾಡಿಸಿತು, ತುಟಿ ಹಿಂಡಿತು. ಸುಮ್ಮನೆ ಕಾಟ ಕೊಡುತ್ತೆ, ಎತ್ತಿಕೋ ಅಂತ ಅಂಬಮ್ಮ ನಾಗವೇಣಿಗೆ ಕೈಸನ್ನೆ ಮಾಡಿದಳು.

ಬುಧವಾರ ನಡುಹಗಲು, ಮಗ ಸೊಸೆ ಕೆಲಸಕ್ಕೆ ಹೋಗಿದ್ದಾಗ, ಸಿಂಚನ ಅಜ್ಜಿಯ ಸೆರಗು ಹಿಡಿದು ಎಳೆಯತೊಡಗಿತು. ಬಿಡಿಸಿಕೊಂಡರೂ ಬಿಡದು. ಎಳೆದುಕೊಂಡು ಹೋಗಿ ಹುಳುಮನೆಯ ಕೊನೇ ಸ್ಟ್ಯಾಂಡಿನ ಹತ್ತಿರ ನಿಲ್ಲಿಸಿತು. ತಾನು ನೆಲಕ್ಕೆ ಬಿದ್ದು, ಕೆಳಗಿನ ಅಂತಸ್ತಿನ ಅಡಿಗೆ ತೆವಳಿ, ಗೋಡೆ ಕಡೆಯ ಕಬ್ಬಿಣದ ಪಟ್ಟಿಗೆ ಕೈ ಹಾಕಿ ಟಪ್ಪನೆ ಏನನ್ನೋ ಕಿತ್ತಿತು. ವೈರು ಜೋತಾಡುತ್ತಿದ್ದ ಮಿಷನ್ನು! ಅಯಸ್ಕಾಂತ ಕಬ್ಬಿಣಕ್ಕೆ ಅಂಟುತ್ತೆ ಅನ್ನೋ ಮೋಜು ಅದಕ್ಕೆ ಯಾವಾಗಲೋ ಗೊತ್ತಾಗಿತ್ತು. ತಾನೇ ಅಂಟಿಸಿಟ್ಟಿತ್ತು. ಊರಿಗೆ ಊರೇ ಅದನ್ನೇ ಹುಡುಕುತ್ತಿತ್ತು ಅಂತ ಅದಕ್ಕೇನು ಗೊತ್ತು? ಹತ್ತು ಜನ ಸೊಪ್ಪು ಕೆದರಿದರೇ ಹೊರತು ಕಬ್ಬಿಣದ ಅಡಿ ಬಗ್ಗಿ ನೋಡಿದವರು ಒಬ್ಬರೂ ಇಲ್ಲ.

ಅಂಬಮ್ಮ ಕೈ ಚಾಚಿದಳು. ಕೂಸು ಕೊಡಲಿಲ್ಲ. ಎಂಟು ತಿಂಗಳು ಕಿತ್ತು ಬಿಸಾಡಿದ ಕೈಯಿಂದಲೇ ಅದನ್ನ ಕಿವಿ ಮೇಲೆ ಸಿಕ್ಕಿಸಿಕೊಂಡಿತು, ಬಿಲ್ಲೆಯನ್ನ ತಲೆ ಮೇಲೆ ತಡವರಿಸಿ ತಡವರಿಸಿ ಜಾಗಕ್ಕೆ ಅಂಟಿಸಿಕೊಂಡಿತು. ಆಮೇಲೆ ಅಜ್ಜಿಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು, ಅವಳ ತುಟಿ ಮೇಲೆ ಬೆರಳಿಟ್ಟಿತು.

"ಏನವ್ವ?" ಅಂದಳು ಅಂಬಮ್ಮ. ಎರಡು ದಿನ ಬಳಸದ ಗಂಟಲು ಕರಕರ ಅಂದಿತು. "ಏನ್ ನನ್ನವ್ವ?"

ಕೂಸು ಹುಬ್ಬು ಗಂಟಿಕ್ಕಿತು. ಬಿಲ್ಲೆ ಕಿತ್ತು ಮತ್ತೆ ಅಂಟಿಸಿತು. ಮತ್ತೆ ತುಟಿ ಮುಟ್ಟಿತು.

"ಹೇಳ್ತಾ ಇದ್ದೀನಲ್ಲ ಕೂಸೇ, ಏನ್ ಬೇಕು?"

ಈಗ ಕೂಸು ಮಿಷನ್ನಿಗೆ ಅಂಗೈಯಲ್ಲಿ ಪಟಪಟ ಹೊಡೆಯಿತು. ಅಜ್ಜಿಯ ಬಾಯಿ ನೋಡಿತು, ಬಾಯಿ ಆಡುತ್ತಲೇ ಇತ್ತು. ಮುಖ ಮುದುಡಿ, ಇದ್ದಕ್ಕಿದ್ದಂತೆ ಹೋ ಅಂತ ಅಳೋದಕ್ಕೆ ಶುರುಮಾಡಿತು. ಆಯ್ತು, ಮತ್ತೆ ಅದೇ ರಾಮಾಯಣ, ಹಾಕಿದರೆ ಅಳು, ಅಂದುಕೊಂಡು ಅಂಬಮ್ಮ ತೆಗೆಯೋದಕ್ಕೆ ಕೈ ಹಾಕಿದಳು. ಕೂಸು ಎರಡೂ ಕೈಯಲ್ಲಿ ಮಿಷನ್ನನ್ನ ಕಿವಿಗೆ ಒತ್ತಿ ಹಿಡಿದುಕೊಂಡಿತು. ತೆಗೆಯೋದಕ್ಕೆ ಬಿಡಲಿಲ್ಲ.

ಅಂಬಮ್ಮನ ಕೈ ಅರ್ಧಕ್ಕೇ ನಿಂತಿತು. ಸೋಮವಾರದಿಂದ ಅದು ಕಬ್ಬಿಣಕ್ಕೆ ಅಂಟಿಕೊಂಡು ಉರಿದೂ ಉರಿದೂ ಬ್ಯಾಟರಿ ಸತ್ತಿತ್ತು. ಮಿಷನ್ನು ಮೂಕವಾಗಿತ್ತು. ಅದಕ್ಕೆ ಈ ಅಳು!

"ಯೋವ್!" ಅಂತ ಕಿರುಚಿದಳು ಅಂಬಮ್ಮ, ಹುಳ ಗೂಡು ಕಟ್ಟುತ್ತಿದ್ದ ಆ ಮನೆಯ ನಟ್ಟನಡುವೆ. "ಬಾರೋ ಬೇಗ! ಬ್ಯಾಟ್ರಿ ಸತ್ತೋಗೈತೆ, ಡಬ್ಬ ತತ್ತಾ! ಕೇಳಿಸ್ತಿಲ್ಲ ಅಂತ ಅಳ್ತಾವ್ಳೆ ಕಣೋ ಕೂಸು! ಕೇಳಿಸ್ತಿತ್ತು ಕಣೋ ಇವಳ್ಗೆ, ಇಷ್ಟು ದಿನ್ವೂ ಕೇಳಿಸ್ತಿತ್ತು! ನಾನು ಹೇಳಿದ್ದೆಲ್ಲ ಕೇಳಿಸ್ತಿತ್ತು!"

ಗಂಗಯ್ಯ ಬ್ಯಾಟರಿ ಡಬ್ಬ ಹಿಡಿದು ಓಡಿ ಬಂದ. ಅವನ ದಪ್ಪ ಬೆರಳಿಂದ ಎರಡು ಸಲ ಜಾರಿ ಮೂರನೇ ಸಲಕ್ಕೆ ಬ್ಯಾಟರಿ ಕೂತಿತು. ಅಂಬಮ್ಮ ಮೊಮ್ಮಗಳ ಮುಖಕ್ಕೆ ಮುಖ ಕೊಟ್ಟು, ಕಣ್ಣೀರು ಒರೆಸಿಕೊಳ್ಳದೆ, "ಸಿಂಚನಾ" ಅಂದಳು.

ಅಳು ಅಲ್ಲಿಗೇ ನಿಂತಿತು. ಕೂಸು ಬಿಕ್ಕುತ್ತಾ ಅಜ್ಜಿಯ ತೊಡೆ ಮೇಲೆ ಹತ್ತಿ ಕೂತು, ಮುಂದಿನ ಮಾತಿಗೆ ಕಾಯತೊಡಗಿತು.